ಚೈನ್ ಸಾ: ಸ್ಟಾರ್ಟ್ ಮಾಡುವ ಮೊದಲು ಅದರ ಹಲ್ಲುಗಳನ್ನು ನೋಡಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಹುಲ್ಲು ಹೆರೆಯುವ ಯಂತ್ರದ ಪಕ್ಕದಲ್ಲಿ ಒಂದು ಚೈನ್ ಸಾ, ಅಂದರೆ ಎಂಜಿನ್ನಿನಿಂದ ಓಡುವ ಸರಪಳಿ ಗರಗಸ, ಇರುವುದು ಈಗ ಸಾಮಾನ್ಯವಾಗಿದೆ. ಗರಗಸ ಎಳೆಯುವ ಜೋಡಿ ಆಳುಗಳು ಸಿಗುವುದಿಲ್ಲ. ಗುಡ್ಡೆಯ ಅಕೇಶಿಯಾ ಸೌದೆಯಾಗಬೇಕು, ಹಳದಿ ರೋಗ ಬಂದು ತುದಿಯ ಗರಿಗೊಂಚಲು ಉದುರಿದ ಅಡಿಕೆ ಮರಗಳು ನೆಲಕ್ಕಿಳಿಯಬೇಕು, ಮಳೆಗಾಲದ ಗಾಳಿಗೆ ದಾರಿಗಡ್ಡ ಬಿದ್ದ ಮರವನ್ನು ಮಕ್ಕಳು ಶಾಲೆಗೆ ಹೊರಡುವ ಮೊದಲು ಸರಿಸಬೇಕು. ಯಂತ್ರ ಕೊಳ್ಳುವಾಗ ಅಂಗಡಿಯವರು ಅದನ್ನು ಸ್ಟಾರ್ಟ್ ಮಾಡಿ ತೋರಿಸುತ್ತಾರೆ, ಪೆಟ್ರೋಲಿಗೆ ಎಷ್ಟು ಆಯಿಲ್ ಬೆರೆಸಬೇಕೆಂದು ಹೇಳುತ್ತಾರೆ. ಆದರೆ ಸರಪಳಿಗೆ ಅರ ಹಾಕಿ ಹರಿತ ಮಾಡುವುದನ್ನು ಎದುರು ಕುಳಿತು ಕಲಿಸುವವರು ಅಪರೂಪ. ಚೈನ್ ಸಾದ ಸುರಕ್ಷತೆ ಹೆಲ್ಮೆಟ್ಟಿನಿಂದಲ್ಲ, ಆ ಅರದಿಂದಲೇ ಪ್ರಾರಂಭವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹರಿತವಾದ ಸರಪಳಿ ಮರವನ್ನು ತಾನೇ ಕಚ್ಚಿಕೊಂಡು ಒಳಗೆ ಇಳಿಯುತ್ತದೆ, ಹಿಡಿದವನು ಯಂತ್ರಕ್ಕೆ ದಾರಿ ತೋರಿಸಿದರೆ ಸಾಕು. ಮೊಂಡಾದ ಸರಪಳಿ ಇಳಿಯುವುದಿಲ್ಲವಾದ್ದರಿಂದ ಅವನು ಅದನ್ನು ಒತ್ತುತ್ತಾನೆ, ಮೈಭಾರವನ್ನೆಲ್ಲ ಅದರ ಮೇಲೆ ಹಾಕುತ್ತಾನೆ, ಮತ್ತು ಕೊಂಬೆ ತುಂಡಾಗುವ ಆ ಕ್ಷಣದಲ್ಲಿ ಅಷ್ಟೂ ಭಾರದೊಂದಿಗೆ ಯಂತ್ರ ಕೆಳಗೆ, ಎಡಗಾಲಿನ ಕಡೆಗೆ, ಜಾರುತ್ತದೆ. ಒತ್ತಿ ಒತ್ತಿ ತೋಳು ಸೋಲುತ್ತದೆ, ಸರಪಳಿ ಸುತ್ತಿ ಓಡುವ ಉದ್ದನೆಯ ಲೋಹದ ಪಟ್ಟಿಯಾದ ಬಾರ್ ಕಾದು ಹೊಗೆಯಾಡುತ್ತದೆ, ಕೈಗೆ ಬರುವ ಕಂಪನ ಹೆಚ್ಚುತ್ತದೆ. ವರ್ಷಗಟ್ಟಲೆ ಇಂಥ ಕಂಪನ ಸಹಿಸಿದವರ ಬೆರಳುಗಳಲ್ಲಿ ರಕ್ತ ಸಂಚಾರ ಕೆಟ್ಟು, ಚಳಿಯಾದಾಗ ಬೆರಳು ಬಿಳಿಚಿ ಜೋಮು ಹಿಡಿಯುವ ಕಾಯಿಲೆ ಬರುತ್ತದೆ. ಸರಪಳಿ ಮೊಂಡಾಗಿದೆಯೇ ಎಂದು ತಿಳಿಯಲು ಉದುರುವ ಪುಡಿಯನ್ನು ನೋಡಿದರೆ ಸಾಕು. ದಪ್ಪ ಚೂರುಗಳಾಗಿ ಬಿದ್ದರೆ ಹಲ್ಲು ಚೆನ್ನಾಗಿದೆ. ಹಿಟ್ಟಿನಂತೆ ನುಣ್ಣಗೆ ಬಿದ್ದರೆ ಅಲ್ಲಿಗೇ ನಿಲ್ಲಿಸಿ ಅರ ತೆಗೆಯಬೇಕು.

ಈ ಹಲ್ಲಿನ ಆಕಾರ ಬಂದ ಬಗೆ ತಿಳಿಯತಕ್ಕದ್ದು. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ತಿನ ಚೈನ್ ಸಾ ರೂಪಿಸಿದ ಕಾಲದಿಂದ ಎರಡು ದಶಕಗಳಷ್ಟು ಕಾಲ ಸರಪಳಿಯ ಹಲ್ಲುಗಳು ಕೈಗರಗಸದ ಹಲ್ಲುಗಳ ಮಾದರಿಯಲ್ಲೇ ಇದ್ದವು, ಮತ್ತೆ ಮತ್ತೆ ಹರಿತಗೊಳಿಸದೆ ಕೆಲಸ ಸಾಗುತ್ತಿರಲಿಲ್ಲ. 1946ರಲ್ಲಿ ಅಮೆರಿಕದ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವ ಕೆಲಸಗಾರ, ಮರ ಕೊರೆಯುವ ದುಂಬಿಯ ಮರಿಹುಳ ತನ್ನ ಬಾಯಿಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ಗಟ್ಟಿ ಮರದೊಳಗೆ ಸಲೀಸಾಗಿ ಸಾಗುವುದನ್ನು ಗಮನಿಸಿದ. ಮರುವರ್ಷ ಅವನು ಆ ಹುಳದ ದವಡೆಯ ಮಾದರಿಯಲ್ಲಿ ಮಾಡಿದ ಸರಪಳಿಯ ವಂಶದ್ದೇ ಇಂದು ನಮ್ಮ ಯಂತ್ರಗಳಲ್ಲಿರುವುದು. ಗೇರುಮರದ ಬುಡ ಕೊರೆಯುವ ಹುಳದ ಕೆಲಸವನ್ನು ಕಣ್ಣಾರೆ ಕಂಡ ನಮ್ಮವರಿಗೆ ಇದನ್ನು ನಂಬುವುದು ಕಷ್ಟವಲ್ಲ. ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ ಬಾಗಿರುವುದು ಆ ಕಾರಣದಿಂದ. ಅರ ಹಾಕುವಾಗ ಎರಡೂ ಬದಿಯ ಹಲ್ಲುಗಳ ಉದ್ದ ಸಮವಾಗಿ ಉಳಿಯಬೇಕಾದದ್ದೂ ಅದಕ್ಕೇ: ಒಂದು ಬದಿ ಗಿಡ್ಡವಾದರೆ ಕೊಯ್ತ ಡೊಂಕಾಗಿ ಸಾಗಿ ಬಾರ್ ಮರದಲ್ಲಿ ಸಿಕ್ಕಿಕೊಳ್ಳುತ್ತದೆ.

ಅರ ದುಂಡಗಿನದಾಗಿರಬೇಕು, ಮತ್ತು ಸರಪಳಿಗೆ ತಕ್ಕ ಗಾತ್ರದ್ದಾಗಿರಬೇಕು. ಸರಪಳಿಯ ಕೊಂಡಿಗಳ ಅಂತರದ ಅಳತೆಯನ್ನು ಪಿಚ್ ಎನ್ನುತ್ತಾರೆ. 0.325 ಇಂಚು ಪಿಚ್‌ನ ಸರಪಳಿಗೆ 4.8 ಮಿಲಿಮೀಟರಿನ ಅರ, ಸಣ್ಣ ಯಂತ್ರಗಳಲ್ಲಿ ಬರುವ ತಗ್ಗು ಹಲ್ಲಿನ 3/8 ಇಂಚಿನ ಸರಪಳಿಗೆ 4 ಮಿಲಿಮೀಟರಿನದು, ದೊಡ್ಡ ಯಂತ್ರದ 3/8 ಇಂಚಿನದಕ್ಕೆ ತಯಾರಕರು ಹೇಳಿದಂತೆ 5.2 ಅಥವಾ 5.5 ಮಿಲಿಮೀಟರಿನದು. ಎಂಜಿನ್ ನಿಲ್ಲಿಸಿ, ಪ್ಲಗ್ಗಿನ ಕ್ಯಾಪ್ ಕಳಚಿ, ಸರಪಳಿಯನ್ನು ತಡೆದು ನಿಲ್ಲಿಸುವ ಚೈನ್ ಬ್ರೇಕ್ ಹಾಕಿ, ಬಾರನ್ನು ಅಲುಗಾಡದಂತೆ ಬಿಗಿದ ಮೇಲೆ ಕೈಗೆ ಗ್ಲೌಸ್ ಹಾಕಿಕೊಂಡು ಕೆಲಸಕ್ಕೆ ಕೂರಬೇಕು. ಹೆಚ್ಚಿನ ಸರಪಳಿಗಳಲ್ಲಿ 30 ಡಿಗ್ರಿ ಕೋನದ ಗೆರೆಯೊಂದನ್ನು ಹಲ್ಲಿನ ಮೇಲೆಯೇ ಕೊರೆದಿರುತ್ತಾರೆ; ಅರ ಆ ಗೆರೆಗೆ ಸಮಾನಾಂತರವಾಗಿ, ಹಲ್ಲಿನ ಒಳಬದಿಯಿಂದ ಹೊರಬದಿಗೆ, ಒಂದೇ ದಿಕ್ಕಿನಲ್ಲಿ ಸಾಗಬೇಕು. ಹಿಂದಕ್ಕೆ ಎಳೆಯುವಾಗ ಅದು ಹಲ್ಲಿಗೆ ತಾಗಬಾರದು. ಪ್ರತಿ ಹಲ್ಲಿಗೂ ಸಮಾನ ಸಂಖ್ಯೆಯ ಉಜ್ಜು, ಸಮಾನ ಒತ್ತಡ. ಒಂದು ಬದಿಯ ಹಲ್ಲುಗಳನ್ನೆಲ್ಲ ಮುಗಿಸಿಯೇ ಇನ್ನೊಂದು ಬದಿಗೆ ಹೋಗುವುದು ಒಳ್ಳೆಯದು.

ಪ್ರತಿ ಹಲ್ಲಿನ ಮುಂದೆ ಒಂದು ಮೊಟಕು ಗುಬುಟು ಇರುತ್ತದೆ. ಹಲ್ಲು ಒಂದು ಸಲಕ್ಕೆ ಎಷ್ಟು ಆಳಕ್ಕೆ ಕಚ್ಚಬೇಕೆಂದು ನಿರ್ಧರಿಸುವುದು ಅದು. ಹಲ್ಲಿನ ತುದಿಗಿಂತ ಸಾಮಾನ್ಯವಾಗಿ 0.65 ಮಿಲಿಮೀಟರಿನಷ್ಟು ತಗ್ಗಿನಲ್ಲಿರಬೇಕು. ಹಲ್ಲು ಸವೆದಂತೆ ಈ ಅಂತರ ಕಡಿಮೆಯಾಗುವುದರಿಂದ, ಹಲವು ಸಲ ಅರ ಹಾಕಿದ ಮೇಲೆ ಗೇಜ್ ಇಟ್ಟು ಅಳೆದು ಚಪ್ಪಟೆ ಅರದಿಂದ ಇದನ್ನೂ ತುಸು ತಗ್ಗಿಸಬೇಕಾಗುತ್ತದೆ. ಬೇಗ ಕೊಯ್ಯಲೆಂದು ಇದನ್ನು ಕಣ್ಣಂದಾಜಿನಲ್ಲಿ ಹೆಚ್ಚು ಉಜ್ಜಿಬಿಡುವವರಿದ್ದಾರೆ. ಹಾಗೆ ಮಾಡಿದ ಸರಪಳಿ ಮರವನ್ನು ಅಳತೆ ಮೀರಿ ಕಚ್ಚಿ ಯಂತ್ರವನ್ನು ಜಗ್ಗುತ್ತದೆ, ಬಾರ್ ಹಠಾತ್ತನೆ ಹಿಂದಕ್ಕೆ ಚಿಮ್ಮುವ ಕಿಕ್‌ಬ್ಯಾಕಿನ ಅಪಾಯವನ್ನು ಹೆಚ್ಚಿಸುತ್ತದೆ. ಇಡೀ ನಿರ್ವಹಣೆಯಲ್ಲಿ ಇಷ್ಟು ಅಪಾಯಕಾರಿಯಾದ ಉದಾಸೀನ ಇನ್ನೊಂದಿಲ್ಲ ಎಂದು ನಾನು ತಿಳಿದಿದ್ದೇನೆ.

ನಮ್ಮ ಮುರಕಲ್ಲಿನ ನೆಲ ಸರಪಳಿಗೆ ದೊಡ್ಡ ಶತ್ರು. ಬಿದ್ದ ಮರವನ್ನು ತುಂಡು ಮಾಡುವಾಗ ಸರಪಳಿ ಒಮ್ಮೆ ನೆಲಕ್ಕೆ ತಾಗಿದರೂ ಹಲ್ಲುಗಳ ಮೊನೆ ಹೋಗುತ್ತದೆ. ಆದ್ದರಿಂದ ಕಾಂಡದ ಅಡಿಗೆ ಅಡ್ಡ ತುಂಡು ಕೊಟ್ಟು ಎತ್ತರಿಸಬೇಕು, ಇಲ್ಲವೇ ಮುಕ್ಕಾಲು ಭಾಗ ಕೊಯ್ದು ಮರವನ್ನು ಹೊರಳಿಸಿ ಉಳಿದದ್ದನ್ನು ಮೇಲಿನಿಂದ ಕೊಯ್ಯಬೇಕು. ಬೇಲಿ ಬದಿಯ ಮರಗಳಲ್ಲಿ ಹಳೆಯ ಮುಳ್ಳುತಂತಿ, ತೆಂಗಿನ ಮರದಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಹೊಡೆದ ಆಣಿ ಒಳಗೇ ಹುದುಗಿರುವುದುಂಟು. ಹಲಸಿನ ಮೇಣ, ರಬ್ಬರಿನ ಹಾಲು ಸರಪಳಿಗೂ ಬಾರಿನ ಅಂಚಿನಲ್ಲಿ ಸರಪಳಿ ಓಡುವ ತೋಡಿಗೂ ಅಂಟಿ ಎಣ್ಣೆಯ ದಾರಿಯನ್ನು ಮುಚ್ಚುವುದರಿಂದ, ಅಂಥ ಮರ ಕೊಯ್ದ ಸಂಜೆಯೇ ಬಾರ್ ಕಳಚಿ ತೋಡನ್ನೂ ಎಣ್ಣೆ ಬರುವ ತೂತನ್ನೂ ಶುಚಿ ಮಾಡಬೇಕು. ಹಾಗೆ ಕಳಚಿದಾಗಲೆಲ್ಲ ಬಾರನ್ನು ಮಗುಚಿ ಹಾಕಿದರೆ ಅದರ ಎರಡು ಅಂಚುಗಳೂ ಒಂದೇ ಸಮ ಸವೆಯುತ್ತವೆ.

ಸರಪಳಿಯ ಬಿಗಿತವನ್ನು ಎಂಜಿನ್ ನಿಂತಿರುವಾಗ, ಬಾರಿನ ಮೂತಿಯನ್ನು ಮೇಲಕ್ಕೆ ಎತ್ತಿ ಹಿಡಿದು ಸರಿಪಡಿಸಬೇಕು: ಕೆಳಗೆ ಜೋತುಬೀಳಬಾರದು, ಆದರೆ ಗ್ಲೌಸ್ ಹಾಕಿದ ಕೈಯಿಂದ ಎಳೆದರೆ ಸುಲಭವಾಗಿ ತಿರುಗಬೇಕು. ಸಡಿಲವಾದ ಸರಪಳಿ ಓಡುವಾಗ ಬಾರಿನಿಂದ ಕಳಚಿ ಹಾರಬಹುದು. ಕೆಲಸದ ನಡುವೆ ಬಿಸಿಯಾಗಿ ಹಿಗ್ಗಿದ ಸರಪಳಿಯನ್ನು ಬಿಗಿ ಮಾಡಿದ್ದರೆ, ಕೆಲಸ ಮುಗಿದೊಡನೆ ಸಡಿಲಿಸಬೇಕು. ಇಲ್ಲವಾದರೆ ಅದು ತಣಿದು ಕುಗ್ಗಿ ಎಂಜಿನ್ನಿನ ಬೇರಿಂಗನ್ನು ಹಾಳುಮಾಡುತ್ತದೆ. ಬಾರಿನ ಎಣ್ಣೆಗೆ ಬೇರೆಯೇ ಟ್ಯಾಂಕಿದೆ, ಪ್ರತಿ ಸಲ ಪೆಟ್ರೋಲ್ ತುಂಬುವಾಗಲೂ ಅದನ್ನು ತುಂಬಬೇಕು. ಯಂತ್ರವನ್ನು ಓಡಿಸುತ್ತ ಬಾರಿನ ತುದಿಯನ್ನು ಒಂದು ಒಣ ಅಡಿಕೆ ಹಾಳೆಯ ಕಡೆಗೆ, ತಾಗದಷ್ಟು ದೂರದಲ್ಲಿ ಹಿಡಿದರೆ, ಹಾಳೆಯ ಮೇಲೆ ಎಣ್ಣೆಯ ಗೆರೆ ಮೂಡಬೇಕು. ಮೂಡದಿದ್ದರೆ ಕೊಯ್ಯಲು ಹೋಗಬಾರದು. ಜೀಪಿನಿಂದಲೋ ಪಂಪಿನಿಂದಲೋ ಇಳಿಸಿದ ಸುಟ್ಟ ಆಯಿಲನ್ನು ಇದಕ್ಕೆ ಹಾಕುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ಅದರಲ್ಲಿರುವ ಲೋಹದ ಪುಡಿ ಪಂಪನ್ನು ಸವೆಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಾರಿಗೆ ಹೋದ ಎಣ್ಣೆಯೆಲ್ಲ ಕೊನೆಗೆ ಚಿಮ್ಮಿ ಬೀಳುವುದು ತೋಟದ ಮಣ್ಣಿಗೆ, ತೋಡಿನ ನೀರಿಗೆ, ಕೆಲಸಗಾರನ ಚರ್ಮಕ್ಕೆ. ಈ ರೂಢಿಯನ್ನು ಬಿಡಲೇಬೇಕು.

ಪೆಟ್ರೋಲಿನ ವಿಷಯ ಚಿಕ್ಕದು. ಒಳ್ಳೆಯ 2ಟಿ (ಟೂ ಸ್ಟ್ರೋಕ್ ಎಂಜಿನ್ನಿನ) ಆಯಿಲ್ ಆದರೆ ಒಂದು ಲೀಟರಿಗೆ 20 ಮಿಲಿಲೀಟರ್, ಯಂತ್ರದ ಕೈಪಿಡಿ 25ಕ್ಕೆ 1 ಎಂದು ಕೇಳಿದರೆ 40 ಮಿಲಿಲೀಟರ್. ಈಗ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಅದು ಗಾಳಿಯ ತೇವವನ್ನು ಹೀರುತ್ತದೆ, ಮತ್ತು ಮಳೆಗಾಲದ ಆಟಿ ತಿಂಗಳ ನಮ್ಮ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಬೆರೆಸಿದ ಪೆಟ್ರೋಲನ್ನು ತಿಂಗಳಿಗಿಂತ ಹೆಚ್ಚು ಇಡಬಾರದು. ದೀರ್ಘ ಕಾಲ ಯಂತ್ರವನ್ನು ಎತ್ತಿಡುವಾಗ ಟ್ಯಾಂಕ್ ಬರಿದು ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿಯುವವರೆಗೆ ಓಡಿಸಿ ನಿಲ್ಲಿಸಬೇಕು. ಎಂಜಿನ್ ತಣಿಯದೆ ಪೆಟ್ರೋಲ್ ತುಂಬಬಾರದು, ತುಂಬಿದ ಜಾಗದಲ್ಲೇ ಸ್ಟಾರ್ಟ್ ಮಾಡಬಾರದು. ಏರ್ ಫಿಲ್ಟರನ್ನು ದಿನವೂ ತೆಗೆದು ನೋಡಬೇಕು.

ಇನ್ನು ಕಿಕ್‌ಬ್ಯಾಕ್. ಬಾರಿನ ಮೂತಿಯ ಮೇಲರ್ಧ ಭಾಗ ಯಾವುದಾದರೂ ಕೊಂಬೆಗೋ ಕಾಂಡಕ್ಕೋ ತಾಗಿದರೆ, ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುವ ಸರಪಳಿ ಅಲ್ಲಿ ತಡೆಯಲ್ಪಟ್ಟು, ಅದರ ಬಲವೆಲ್ಲ ಬಾರನ್ನು ಮೇಲಕ್ಕೂ ಹಿಂದಕ್ಕೂ, ಹಿಡಿದವನ ಮುಖ ಮತ್ತು ಕುತ್ತಿಗೆಯ ಕಡೆಗೆ ಎಸೆಯುತ್ತದೆ. ಇದು ಕಣ್ಣು ಮಿಟುಕಿಸುವಷ್ಟರಲ್ಲಿ ನಡೆಯುವುದರಿಂದ ತೋಳ್ಬಲದಿಂದ ತಡೆಯುತ್ತೇನೆ ಎಂಬ ಮಾತಿಗೆ ಅರ್ಥವಿಲ್ಲ. ಎಡಗೈ ಹೆಬ್ಬೆರಳು ಮುಂದಿನ ಹಿಡಿಯ ಅಡಿಯಿಂದ ಸುತ್ತಿಕೊಂಡಿರಬೇಕು, ಎಡತೋಳು ನೇರವಾಗಿರಬೇಕು, ತಲೆ ಮತ್ತು ಬಾರ್ ಒಂದೇ ಗೆರೆಯಲ್ಲಿ ಇರಬಾರದು, ಹೆಗಲಿಗಿಂತ ಮೇಲಕ್ಕೆ ಯಂತ್ರವನ್ನು ಎತ್ತಬಾರದು. ಏಣಿಯ ಮೇಲೆ ನಿಂತು ಒಂದು ಕೈಯಲ್ಲಿ ಹಲಸಿನ ಕೊಂಬೆ ಕೊಯ್ಯುವವರನ್ನು ಕಂಡರೆ ನನಗೆ ಅಲ್ಲಿ ನಿಲ್ಲಲಾಗುವುದಿಲ್ಲ, ಇಳಿಯಿರಿ ಅಣ್ಣಾ ಎಂದು ಕೂಗಿಯೇ ಕೂಗುತ್ತೇನೆ. ಮುಂದಿನ ಹಿಡಿಯೆದುರಿನ ಕಾವಲು ಪಟ್ಟಿಯೇ ಚೈನ್ ಬ್ರೇಕಿನ ಸನ್ನೆಗೋಲು. ದಿನದ ಮೊದಲ ಕೊಯ್ತಕ್ಕೆ ಮುಂಚೆ ಎಂಜಿನನ್ನು ವೇಗಕ್ಕೆ ತಂದು, ಎಡ ಮಣಿಕಟ್ಟಿನಿಂದ ಆ ಪಟ್ಟಿಯನ್ನು ಮುಂದಕ್ಕೆ ತಳ್ಳಿದಾಗ ಸರಪಳಿ ತಕ್ಷಣ ನಿಲ್ಲುತ್ತದೆಯೇ ಎಂದು ಪರೀಕ್ಷಿಸಬೇಕು. ಸ್ಟಾರ್ಟ್ ಮಾಡುವುದೂ ಬ್ರೇಕ್ ಹಾಕಿಯೇ, ಯಂತ್ರವನ್ನು ನೆಲಕ್ಕಿಟ್ಟು ಬಲಗಾಲಿನ ಬೂಟನ್ನು ಹಿಂದಿನ ಹಿಡಿಯೊಳಗೆ ಊರಿ.

ಉಡುಪಿನ ಬಗ್ಗೆ ನಮ್ಮ ಕಡೆ ಹೇಳಲೇಬೇಕಾದ ಮಾತೊಂದಿದೆ. ಮಡಚಿ ಕಟ್ಟಿದ ಲುಂಗಿ, ಹವಾಯಿ ಚಪ್ಪಲಿ, ಹೆಗಲ ಮೇಲೆ ಬೈರಾಸು ತೋಟದ ಬೇರೆ ಕೆಲಸಕ್ಕೆ ಸರಿ, ಇದಕ್ಕೆ ಖಂಡಿತ ಸಲ್ಲದು. ಸಡಿಲ ಬಟ್ಟೆಯನ್ನು ಸರಪಳಿ ಎಳೆದುಕೊಳ್ಳುತ್ತದೆ, ಅದರ ಹಿಂದೆಯೇ ಕಾಲನ್ನೂ. ಚೈನ್ ಸಾಗೆಂದೇ ಮಾಡಿದ ಪ್ಯಾಂಟಿನೊಳಗೆ ಉದ್ದನೆಯ ನಾರುಗಳ ಪದರಗಳಿರುತ್ತವೆ. ಸರಪಳಿ ತಾಗಿದೊಡನೆ ಅವು ಹೊರಬಂದು ಸರಪಳಿಯನ್ನು ತಿರುಗಿಸುವ ಹಲ್ಲುಚಕ್ರವಾದ ಸ್ಪ್ರಾಕೆಟ್ಟಿಗೆ ಸುತ್ತಿಕೊಂಡು ಅದನ್ನು ನಿಲ್ಲಿಸುತ್ತವೆ. ಬೇಸಗೆಯ ಸೆಕೆಗೆ ಅದನ್ನು ಹಾಕುವುದು ಕಷ್ಟ ಎಂಬುದನ್ನು ಒಪ್ಪುತ್ತೇನೆ, ಆದ್ದರಿಂದಲೇ ಬೆಳಗ್ಗೆ ಬೇಗ ಪ್ರಾರಂಭಿಸಿ ಬಿಸಿಲೇರುವ ಮೊದಲು ಮುಗಿಸುವುದು ಉತ್ತಮ. ಈ ಯಂತ್ರದ ಶಬ್ದ 100 ಡೆಸಿಬೆಲ್ ದಾಟುವುದರಿಂದ ಕಿವಿಗೆ ಮುಚ್ಚುಗೆಯೂ ಅಗತ್ಯ.

ಮರ ಕೆಡಹುವ ಕ್ರಮ ಹೆಚ್ಚುಕಡಿಮೆ ಎಲ್ಲ ಕೈಪಿಡಿಗಳಲ್ಲೂ ಒಂದೇ: ಬೀಳಬೇಕಾದ ಬದಿಯಲ್ಲಿ ದಪ್ಪದ ನಾಲ್ಕನೇ ಒಂದರಷ್ಟು ಆಳಕ್ಕೆ ಕಚ್ಚು, ಹಿಂಬದಿಯಿಂದ ತುಸು ಎತ್ತರದಲ್ಲಿ ಕೊಯ್ತ, ನಡುವೆ ಹತ್ತನೇ ಒಂದರಷ್ಟು ಅಗಲದ ಪಟ್ಟಿಯನ್ನು ಕೊಯ್ಯದೆ ಉಳಿಸುವುದು, ಬಾರ್ ಸಿಕ್ಕಿಕೊಳ್ಳದಂತೆ ಮರದ ಅಥವಾ ಪ್ಲಾಸ್ಟಿಕ್ಕಿನ ಬೆಣೆ, ಹಿಂದಕ್ಕೆ ಓರೆಯಾಗಿ ಸರಿಯಲು ಮೊದಲೇ ಬಿಡಿಸಿಟ್ಟ ದಾರಿ, ಮರದ ಎತ್ತರದ ಎರಡು ಪಟ್ಟು ದೂರದೊಳಗೆ ಬೇರೆ ಯಾರೂ ಇಲ್ಲದಿರುವುದು. ಆದರೆ ತೆಂಗು, ಅಡಿಕೆ, ಬೈನೆಗಳಿಗೆ ಈ ಲೆಕ್ಕವನ್ನು ಹಾಗೆಯೇ ಒಪ್ಪಿಸಲಾಗದು. ಇವುಗಳ ಕಾಂಡದಲ್ಲಿ ಹೊರಸುತ್ತು ಮಾತ್ರ ಗಟ್ಟಿ, ನಡುವು ಮೆದು. ಆದ್ದರಿಂದ ಉಳಿಸಿದ ಪಟ್ಟಿಯ ಬಲವೆಲ್ಲ ಅದರ ಎರಡು ತುದಿಗಳಲ್ಲಿದೆ. ಒಂದು ತುದಿಯನ್ನು ತಪ್ಪಿ ಕೊಯ್ದರೆ ಮರ ಅಡ್ಡಕ್ಕೆ ತಿರುಗುತ್ತದೆ. ಕೆಂಪು ಮೂತಿ ಹುಳ ಹೊಕ್ಕ ತೆಂಗಿನಲ್ಲಿ ಹೊರಗಿನಿಂದ ಕಾಣದ ಪೊಳ್ಳು ಇರಬಹುದು. ಕತ್ತಿಯ ಹಿಂಬದಿಯಿಂದ ಬುಡದಿಂದ ಕೈಗೆಟಕುವವರೆಗೆ ಬಡಿದು ಸದ್ದು ಕೇಳಬೇಕು. ಕಾಯಿಯನ್ನೂ ಒಣಮಡಲನ್ನೂ ಮೊದಲೇ ಇಳಿಸಿ, ಮೇಲ್ಭಾಗಕ್ಕೆ ಹಗ್ಗ ಕಟ್ಟಿಸಿ, ಆಮೇಲೆಯೇ ಬುಡಕ್ಕೆ ಕೈ ಹಾಕಬೇಕು. ಹೊರಸುತ್ತಿನ ಗಡಸುತನ ಹಲ್ಲುಗಳನ್ನು ಬಹುಬೇಗ ಸವೆಸುವುದರಿಂದ ತೆಂಗಿನ ಕೆಲಸದ ದಿನ ಅರ ಜೇಬಿನಲ್ಲೇ ಇರಬೇಕು.

ಗಾಳಿಗೆ ಬಿದ್ದ ಮರ ನಿಂತ ಮರಕ್ಕಿಂತ ಕಠಿಣ. ಎರಡೂ ತುದಿ ಆತುಕೊಂಡಿದ್ದರೆ ಕಾಂಡದ ಮೇಲ್ಮೈ ಒತ್ತಿಕೊಂಡಿರುತ್ತದೆ, ಅಡಿ ಎಳೆದುಕೊಂಡಿರುತ್ತದೆ. ಮೇಲಿನಿಂದ ಮೂರನೇ ಒಂದರಷ್ಟು ಕೊಯ್ದು, ಉಳಿದದ್ದನ್ನು ಅಡಿಯಿಂದ ಕೊಯ್ಯಬೇಕು. ಒಂದೇ ತುದಿ ಆತುಕೊಂಡಿದ್ದರೆ ಇದು ತಿರುವುಮುರುವು. ಬುಡಸಮೇತ ಮಗುಚಿದ ಮರದ ಕಾಂಡ ತುಂಡಾದೊಡನೆ ಬೇರಿನ ಗಡ್ಡೆ ಮಣ್ಣಿನೊಂದಿಗೆ ಹೊಂಡಕ್ಕೆ ಮರಳಿ ಕೂರಬಹುದು, ಆ ಹೊಂಡದ ಬಳಿ ಮಕ್ಕಳು ಸುಳಿಯಕೂಡದು. ತಂತಿಯ ಮೇಲೆ ಬಿದ್ದ ಮರವನ್ನು ವಿದ್ಯುತ್ ಮಂಡಳಿಯ ಸೆಕ್ಷನ್ ಕಚೇರಿಯವರು ಬಂದು ಲೈನ್ ಆಫ್ ಆಗಿದೆ ಎಂದು ಹೇಳುವವರೆಗೆ ಮುಟ್ಟಬಾರದು. ಮನೆಯಲ್ಲಿ ಕರೆಂಟ್ ಇಲ್ಲವೆಂಬುದು ತಂತಿಯಲ್ಲಿ ಕರೆಂಟ್ ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಒಬ್ಬನೇ ಗುಡ್ಡೆಗೆ ಯಂತ್ರ ಒಯ್ಯುವುದೂ ಬೇಡ. ಕೂಗಿದರೆ ಕೇಳುವ ದೂರದಲ್ಲಿ ಇನ್ನೊಬ್ಬರಿರಲಿ, ಗಾಯವನ್ನು ಒತ್ತಿ ಹಿಡಿಯಲು ಶುಚಿಯಾದ ದಪ್ಪ ಬಟ್ಟೆ ಚೀಲದಲ್ಲಿರಲಿ. ನಮ್ಮ ಒಳದಾರಿಗಳಿಂದ ದೊಡ್ಡ ಆಸ್ಪತ್ರೆ ಹತ್ತಿರವಿಲ್ಲ.

ಮನೆಯ ಮಾಡಿನ ಮೇಲೆ ಬಾಗಿದ ಮರ, ಪೊಳ್ಳಾದ ದೊಡ್ಡ ಮರ, ಇನ್ನೊಂದು ಮರದ ಕವಲಿಗೆ ಒರಗಿ ನಿಂತ ಮರ ಇವುಗಳನ್ನು ಅನುಭವಿ ತಂಡಕ್ಕೇ ಬಿಡಬೇಕು. ಅವರನ್ನು ಕರೆಸುವಾಗ ಮರವೊಂದಕ್ಕೆ ಇಂತಿಷ್ಟು ಎಂದು ಮಾತಾಡಿದರೆ ಅವರು ಅವಸರ ಪಡಲೇಬೇಕಾಗುತ್ತದೆ. ದಿನಗೂಲಿಗೆ ಮಾತಾಡಿ, ಸರಪಳಿಗೆ ಅರ ಹಾಕಲು ಹಿಡಿಯುವ ಹೊತ್ತನ್ನೂ ಕೆಲಸದ ಹೊತ್ತಾಗಿಯೇ ಲೆಕ್ಕ ಹಿಡಿಯುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ನಮ್ಮ ಆಸುಪಾಸಿನ ತೋಟದವರೂ ಹಾಗೆಯೇ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.