ನೆಲಕ್ಕೆ ಬೀಳದ ಸೋರಿಕೆ

ಹೊಲ, ಗಣಿ, ಕಾಡುಗಳಲ್ಲಿ ಓಡಾಡುವ ಯಂತ್ರಗಳ ಹೈಡ್ರಾಲಿಕ್ ದುರಸ್ತಿ, ಅಂದರೆ ಎಣ್ಣೆಯ ಒತ್ತಡದಿಂದ ನಡೆಯುವ ಭಾಗಗಳ ದುರಸ್ತಿ, ನನ್ನ ಕೆಲಸ. ಒಮ್ಮೆ ಚೆನ್ನಾಗಿಯೇ ಇದ್ದ ಪಂಪನ್ನು ಕೆಟ್ಟಿದೆಯೆಂದು ತೀರ್ಮಾನಿಸಿ ಬದಲಾಯಿಸಿದೆ. ಆ ತಪ್ಪಿನಿಂದ ಕಲಿತದ್ದನ್ನು ಇದೇ ಕೆಲಸಕ್ಕೆ ಬರುವವರಿಗಾಗಿ ಬರೆದಿಡುತ್ತಿದ್ದೇನೆ.

ಅದು ಬೆಳೆಗೆ ಔಷಧ ಸಿಂಪಡಿಸುವ ಎತ್ತರದ ಯಂತ್ರ. ಅದರಲ್ಲಿ ಗೇರ್ ಪೆಟ್ಟಿಗೆಯಿಂದ ಚಕ್ರಕ್ಕೆ ಹೋಗುವ ಶಾಫ್ಟುಗಳಿಲ್ಲ. ಎಂಜಿನ್ ಒಂದು ಪಿಸ್ಟನ್ ಪಂಪನ್ನು ತಿರುಗಿಸುತ್ತದೆ. ಪಂಪು ತಳ್ಳುವ ಎಣ್ಣೆ ನಾಲ್ಕು ಚಕ್ರಗಳ ನಡುವಿನ ಹಬ್‌ಗಳಲ್ಲಿರುವ ನಾಲ್ಕು ಮೋಟಾರುಗಳನ್ನು ತಿರುಗಿಸಿ, ಟ್ಯಾಂಕಿಗೆ ಇಳಿಯದೆ ನೇರವಾಗಿ ಪಂಪಿಗೇ ಮರಳುತ್ತದೆ. ಇಂತಹ ಮುಚ್ಚಿದ ಸುತ್ತಿನಲ್ಲಿ ಒತ್ತಡ 350 ಬಾರ್ ಮುಟ್ಟುವುದು ಸಾಮಾನ್ಯ.

ಚಾಲಕರ ದೂರು ಸ್ಪಷ್ಟವಾಗಿತ್ತು: ಬೆಳಿಗ್ಗೆ ಸಲೀಸಾಗಿ ಹತ್ತುವ ಏರಿನಲ್ಲಿ ಮಧ್ಯಾಹ್ನ ಯಂತ್ರ ನಿಂತುಬಿಡುತ್ತದೆ, ಎಡಬದಿಯ ಹಿಂದಿನ ಚಕ್ರದ ಹಬ್ ಕೈ ಇಡಲಾಗದಷ್ಟು ಕಾಯುತ್ತದೆ. ನಾನು ಬೆಳಿಗ್ಗೆ ಹೋದೆ, ಗೇಜು ಕಟ್ಟಿದೆ, ಎಲ್ಲ ಒತ್ತಡಗಳೂ ಸರಿಯಿದ್ದವು. ಎಣ್ಣೆ ಕಾದ ಮೇಲೆ ಶಕ್ತಿ ಕುಂದಿದರೆ ಪಂಪು ಸವೆದಿರಬೇಕು ಎಂದು ಲೆಕ್ಕ ಹಾಕಿದೆ. ಎರಡು ದಿನ ಹಿಡಿದು ಹೊಸ ಪಂಪು ಕೂರಿಸಿದೆವು. ಮೂರನೆಯ ದಿನ ಮಧ್ಯಾಹ್ನ ಯಂತ್ರ ಅದೇ ಏರಿನಲ್ಲಿ, ಹೆಚ್ಚುಕಡಿಮೆ ಅದೇ ಜಾಗದಲ್ಲಿ ನಿಂತಿತು.

ನಮ್ಮ ಹಿರಿಯ ಮೆಕ್ಯಾನಿಕ್ ಬಂದು ಕೇಳಿದ್ದು ಒಂದೇ ಪ್ರಶ್ನೆ: "ಎಣ್ಣೆ ಕಾದಾಗ ಚಾರ್ಜ್ ಒತ್ತಡ ಎಷ್ಟಿತ್ತು?" ನನ್ನಲ್ಲಿ ಉತ್ತರವಿರಲಿಲ್ಲ. ನಾನು ಅಳೆದದ್ದೆಲ್ಲ ತಣ್ಣಗಿದ್ದಾಗ.

ಮುಚ್ಚಿದ ಸುತ್ತಿನಲ್ಲಿ ಪಂಪು, ಮೋಟಾರುಗಳ ಒಳಗಿನ ಸಂದುಗಳಿಂದ ಸದಾ ಒಂದಿಷ್ಟು ಎಣ್ಣೆ ಜಿನುಗುತ್ತದೆ. ಆ ಜಿನುಗೇ ಬೇರಿಂಗುಗಳಿಗೆ ಜಿಡ್ಡು. ಅದು ಕೇಸ್ ಡ್ರೇನ್ ಪೈಪಿನ ಮೂಲಕ ಟ್ಯಾಂಕಿಗೆ ಹೋಗುತ್ತದೆ, ಆ ಕೊರತೆಯನ್ನು ಚಾರ್ಜ್ ಪಂಪೆಂಬ ಚಿಕ್ಕ ಪಂಪು ತುಂಬಿಕೊಡುತ್ತದೆ. ಹೊರಗೆ ಒಂದು ಹನಿಯೂ ಬೀಳುವುದಿಲ್ಲವಾದ್ದರಿಂದ ಈ ಸೋರಿಕೆ ಕಣ್ಣಿಗೆ ಕಾಣದು. ಆದರೆ ಸಂದು ಎರಡು ಪಟ್ಟಾದರೆ ಸೋರಿಕೆ ಎಂಟು ಪಟ್ಟಾಗುತ್ತದೆ. ಎಣ್ಣೆ ಕಾದು ತೆಳುವಾದಷ್ಟೂ ಅದು ಇನ್ನೂ ಏರುತ್ತದೆ: 40 ಡಿಗ್ರಿಯಲ್ಲಿ 46 ಸೆಂಟಿಸ್ಟೋಕ್ (ಎಣ್ಣೆಯ ಮಂದತನದ ಅಳತೆ) ಇರುವ ಎಣ್ಣೆ 100 ಡಿಗ್ರಿಯಲ್ಲಿ ಸುಮಾರು 7ಕ್ಕೆ ಇಳಿಯುತ್ತದೆ. ಬೆಳಗಿನ ಗೇಜು ನನಗೆ ಸುಳ್ಳು ಹೇಳಿರಲಿಲ್ಲ, ಬೆಳಗಿನ ಮಾತನ್ನಷ್ಟೇ ಹೇಳಿತ್ತು.

ಅಂದು ಮಧ್ಯಾಹ್ನ ಏರಿನಲ್ಲೇ ಅಳೆದೆವು. ತಣ್ಣಗಿದ್ದಾಗ 25 ಬಾರ್ ಇದ್ದ ಚಾರ್ಜ್ ಒತ್ತಡ 13ಕ್ಕೆ ಕುಸಿದಿತ್ತು. ಚಕ್ರಗಳ ಪಾರ್ಕಿಂಗ್ ಬ್ರೇಕನ್ನು ಹಿಡಿಯುವುದು ಸ್ಪ್ರಿಂಗು, ಬಿಡಿಸುವುದು ಇದೇ ಚಾರ್ಜ್ ಒತ್ತಡ. ಆ ಯಂತ್ರದಲ್ಲಿ ಪೂರ್ತಿ ಬಿಡಿಸಲು 15 ಬಾರ್ ಬೇಕಿತ್ತು. ಹಾಗಾಗಿ ಏರಿನಲ್ಲಿ, ಶಕ್ತಿ ಎಲ್ಲಕ್ಕಿಂತ ಹೆಚ್ಚು ಬೇಕಾದ ಹೊತ್ತಿನಲ್ಲಿ, ಬ್ರೇಕ್ ಅರ್ಧ ಹಿಡಿದುಕೊಳ್ಳುತ್ತಿತ್ತು. ಎಡ ಹಿಂಚಕ್ರದ ಬ್ರೇಕ್ ಮಿಕ್ಕವಕ್ಕಿಂತ ಮೊದಲು ಹಿಡಿಯುತ್ತಿದ್ದುದರಿಂದ ಆ ಹಬ್ ಕಾಯುತ್ತಿತ್ತು, ಆ ಕಾವು ಎಣ್ಣೆಗೂ ಸೇರಿ ಸೋರಿಕೆಯನ್ನು ಮತ್ತಷ್ಟು ಹೆಚ್ಚಿಸುತ್ತಿತ್ತು. ಕಾದ ಚಕ್ರದಲ್ಲಿ ಯಾವ ದೋಷವೂ ಇರಲಿಲ್ಲ.

ಹಾಗಾದರೆ ಎಣ್ಣೆ ಎಲ್ಲಿ ಕಳೆದುಹೋಗುತ್ತಿತ್ತು? ಬ್ರೇಕ್ ಬಿಡಿಸುವ ಪೈಪನ್ನು ಮುಚ್ಚಿ ಚಕ್ರಗಳು ಉರುಳದಂತೆ ಮಾಡಿಕೊಂಡೆವು. ಒಂದೊಂದೇ ಮೋಟಾರಿನ ಕೇಸ್ ಡ್ರೇನ್ ಬಿಚ್ಚಿ ಅಳತೆಯ ಡಬ್ಬಿಗೆ ತಿರುಗಿಸಿದೆವು. ಆ ಬಾಯಿಯನ್ನು ಎಂದಿಗೂ ಮುಚ್ಚಬಾರದು, ಮುಚ್ಚಿದರೆ ಶಾಫ್ಟಿನ ಸೀಲು ಕಿತ್ತುಹೋಗುತ್ತದೆ. ಸುತ್ತಿನಲ್ಲಿ 200 ಬಾರ್ ನಿಲ್ಲಿಸಿ ತಲಾ ಹದಿನೈದು ಸೆಕೆಂಡು ಹಿಡಿದೆವು. ಮೂರು ಮೋಟಾರುಗಳಿಂದ ನಿಮಿಷಕ್ಕೆ ತಲಾ ಒಂದೂವರೆ ಲೀಟರಿನ ಲೆಕ್ಕ ಬಂತು. ಬಲಬದಿಯ ಮುಂದಿನದರಿಂದ ಹದಿನಾಲ್ಕು ಲೀಟರು. ನಾಲ್ಕೂ ಮೋಟಾರುಗಳು ಒಂದೇ ಸುತ್ತಿನಿಂದ ಎಣ್ಣೆ ಕುಡಿಯುವುದರಿಂದ ಒಂದರ ತೂತು ನಾಲ್ಕರ ಬಲವನ್ನೂ ಕುಗ್ಗಿಸಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹೊರಸೋರಿಕೆಯನ್ನು ಹುಡುಕುವಾಗ ಪೈಪಿನ ಮೇಲೆ ಕೈಯಾಡಿಸಬೇಡಿ, ರಟ್ಟಿನ ತುಂಡು ಹಿಡಿಯಿರಿ. ಸೂಜಿತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಹೋಗುತ್ತದೆ. ಗಾಯ ಇರುವೆ ಕಚ್ಚಿದಷ್ಟೇ ಕಂಡರೂ ಕೂಡಲೇ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು.

ಬಲಬದಿಯ ಮುಂದಿನ ಮೋಟಾರು ಬಿಚ್ಚಿದಾಗ ಎಣ್ಣೆ ಹಂಚುವ ತಟ್ಟೆಯ ನುಣುಪು ಮುಖದ ಮೇಲೆ ಉಗುರಿಗೆ ಸಿಗುವಷ್ಟು ಆಳದ ಗೀರುಗಳಿದ್ದವು. ಎರಡು ತಿಂಗಳ ಹಿಂದೆ ಹೊಲದಲ್ಲೇ ಆ ಚಕ್ರದ ಹೋಸ್ ಪೈಪನ್ನು ಬದಲಾಯಿಸಿದ್ದು ನಾನೇ. ಹೊಸ ಪೈಪನ್ನು ಕತ್ತರಿಸಿ ತುದಿ ಕೂರಿಸಿದ ಮೇಲೆ ಒಳಗೆ ಸ್ವಚ್ಛ ಮಾಡಿರಲಿಲ್ಲ. ಚಾರ್ಜ್ ಪಂಪಿನ ದಾರಿಯಲ್ಲಿ 10 ಮೈಕ್ರಾನಿನ ಫಿಲ್ಟರು ಇದೆಯೆಂಬ ಧೈರ್ಯವಿತ್ತು. ಆದರೆ ಆ ಫಿಲ್ಟರು ತಡೆಯುವುದು ಟ್ಯಾಂಕಿನಿಂದ ಬರುವ ಕೊಳೆಯನ್ನು. ಸುತ್ತಿನ ಪೈಪಿನೊಳಗೇ ಉಳಿದ ಲೋಹದ ಚೂರಿಗೆ ದಾರಿಯಲ್ಲಿ ಯಾವ ಫಿಲ್ಟರೂ ಸಿಗುವುದಿಲ್ಲ, ಅದು ನೇರ ಮೋಟಾರಿಗೇ ಹೋಗುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಸ್ಟಿಯರಿಂಗಿನ ಸಂಗತಿ. ಅದರಲ್ಲಿ ನಾಲ್ಕೂ ಚಕ್ರಗಳು ತಿರುಗುತ್ತವೆ: ಮುಂದಿನ ಸಿಲಿಂಡರಿನಿಂದ ಹೊರಬಿದ್ದ ಎಣ್ಣೆಯೇ ಹಿಂದಿನ ಸಿಲಿಂಡರನ್ನು ತಳ್ಳುತ್ತದೆ. ನಡುವೆ ಸಿಕ್ಕಿಕೊಂಡ ಎಣ್ಣೆಯ ಅಳತೆ ಬದಲಾಗದಿದ್ದರೆ ಮಾತ್ರ ಹಿಂದು ಮುಂದು ಹೊಂದಿಕೊಂಡಿರುತ್ತವೆ. ಪಂಪು ಬದಲಾಯಿಸುವ ಮೂರು ವಾರ ಮೊದಲೇ ಚಾಲಕರು, ಹಿಂದಿನ ಚಕ್ರಗಳು ಓರೆಯಾಗುತ್ತಿವೆ, ದಿನಕ್ಕೆ ನಾಲ್ಕೈದು ಸಲ ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿ ಹಿಡಿದು ಸರಿಮಾಡಿಕೊಳ್ಳುತ್ತೇನೆ ಎಂದಿದ್ದರು. ನಾನು ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡನ್ನು ಹೊಂದಿಸಿ ಬಂದಿದ್ದೆ. ಮೋಟಾರಿನಿಂದ ಟ್ಯಾಂಕಿಗೆ ಬಂದ ಕೊಳೆಯನ್ನೇ ಸ್ಟಿಯರಿಂಗ್ ಪಂಪು ಒರಟು ಜಾಲರಿಯೊಂದರ ಮೂಲಕ ಎಳೆದುಕೊಳ್ಳುತ್ತಿತ್ತು. ಸಿಲಿಂಡರಿನ ಪಿಸ್ಟನ್ ಸೀಲು ಗೀರಿ ಹೋಗಿ, ನಡುವಿನ ಎಣ್ಣೆ ಒಳಗೊಳಗೇ ಜಿನುಗುತ್ತಿತ್ತು. ಅಲ್ಲೂ ನೆಲಕ್ಕೆ ಒಂದು ಹನಿ ಬಿದ್ದಿರಲಿಲ್ಲ.

ಮೋಟಾರು, ಸೀಲುಗಳು, ಫಿಲ್ಟರುಗಳನ್ನು ಬದಲಾಯಿಸಿ, ಸುತ್ತನ್ನು ತೊಳೆದು, ಹೊಸ ಎಣ್ಣೆ ತುಂಬಿದೆವು. ಬಿಚ್ಚಿದ್ದ ಹಳೆಯ ಪಂಪನ್ನು ಪರೀಕ್ಷಿಸಿದಾಗ ಅದು ಸವೆದಿರಲಿಲ್ಲ. ಯಂತ್ರದ ಮಾಲೀಕರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ, ಪಂಪಿನ ವೆಚ್ಚವನ್ನು ಬಿಲ್ಲಿನಿಂದ ತೆಗೆಸಿದೆ.

ದುರಸ್ತಿ ಮುಗಿದ ನಾಲ್ಕನೆಯ ದಿನ ಮಧ್ಯಾಹ್ನ ಗೇಜು ಹಿಡಿದು ಅದೇ ಏರಿಗೆ ಹೋದೆ. ಎಣ್ಣೆ 80 ಡಿಗ್ರಿ ಕಾದಿತ್ತು, ಚಾರ್ಜ್ ಒತ್ತಡ 23 ಬಾರ್‌ನಲ್ಲಿ ನಿಂತಿತ್ತು. ಚಾಲಕರು ಕೆಳಗಿಳಿದು ಏರಿನ ವಿಷಯ ಎತ್ತಲೇ ಇಲ್ಲ. "ಮೂರು ದಿನದಿಂದ ಹಿಂದಿನ ಚಕ್ರ ನೇರ ಮಾಡಿಕೊಂಡೇ ಇಲ್ಲ" ಎಂದರು.