ಮೂರು ಲಕ್ಷ ಕಿಲೋಮೀಟರ್ ಓಡಿದ ಪಿಕಪ್: ಮೊದಲ ದುಡ್ಡು ಎಲ್ಲಿಗೆ ಹಾಕಬೇಕು

ಸಂಡೂರು, ತೋರಣಗಲ್ಲು ಕಡೆ ದುಡಿದ ಪಿಕಪ್ಪಿನ ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಅದಿರಿನ ಕೆಂಪು ಧೂಳು ಉದುರುತ್ತದೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಗಾಡಿಯಾದರೆ ಭತ್ತದ ಹೊಟ್ಟು. ರಾಯಚೂರಿನ ಹತ್ತಿ ಮಾರುಕಟ್ಟೆಗೆ ಓಡಾಡಿದ್ದಾದರೆ ರೇಡಿಯೇಟರಿನ ಮೂತಿಗೆ ಅರಳೆ ಮೆತ್ತಿಕೊಂಡಿರುತ್ತದೆ. ಹಳೆ ಗಾಡಿ ಕೊಳ್ಳಲು ಹೋದವರು ಮೀಟರ್ ನೋಡುವ ಮೊದಲು ಇವನ್ನು ನೋಡಬೇಕು. ಮೀಟರನ್ನು ಹಿಂದಕ್ಕೆ ತಿರುಗಿಸುವವರು ಇದ್ದಾರೆ, ಇಂಟೇಕ್ ಪೈಪಿನ ಒಳಗೋಡೆ ಒರೆಸಿ ಮಾರುವವರು ಕಡಿಮೆ.

ಬಳ್ಳಾರಿ, ರಾಯಚೂರು, ಕೊಪ್ಪಳ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಪಿಕಪ್‌ಗಳನ್ನು ಹಾಳು ಮಾಡುವುದು ಧೂಳು, ಸವಳು ನೀರು ಮತ್ತು ಮಿತಿ ಮೀರಿದ ಲೋಡು. ಇವುಗಳಿಂದ ಕಾಪಾಡಿದ ಡೀಸೆಲ್ ಎಂಜಿನ್ನಿಗೆ ಮೂರು ಲಕ್ಷ ಕಿಲೋಮೀಟರ್ ದೊಡ್ಡದಲ್ಲ. ಕಾಪಾಡದಿದ್ದರೆ ಒಂದು ಲಕ್ಷಕ್ಕೇ ಬೋರ್ ಮಾಡಿಸಬೇಕಾಗುತ್ತದೆ, ಅಂದರೆ ಸವೆದ ಸಿಲಿಂಡರಿನ ಒಳಗೋಡೆ ಕೊರೆಸಬೇಕಾಗುತ್ತದೆ. ಹಾಗಾಗಿ ಗಾಡಿ ಮನೆಗೆ ಬಂದ ದಿನ ಮ್ಯೂಸಿಕ್ ಸಿಸ್ಟಮ್, ಅಲಾಯ್ ಚಕ್ರದ ಮಾತು ಬಿಟ್ಟು ಇದೇ ಕ್ರಮದಲ್ಲಿ ದುಡ್ಡು ಹಾಕಿ. ಇಲ್ಲಿ ಬರೆದಿರುವುದು ಹೆಚ್ಚಾಗಿ 2017ರಿಂದ 2020ರೊಳಗಿನ ಬಿಎಸ್-4 (ಹೊಗೆ ಮಾಲಿನ್ಯದ ಮಾನದಂಡ) ಕಾಮನ್ ರೇಲ್ ಗಾಡಿಗಳ ಬಗ್ಗೆ (ಎಲ್ಲ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದ ಡೀಸೆಲ್ ಹೋಗುವಂಥವು), ಅಂದರೆ 2523 ಸಿಸಿಯ ಬೊಲೆರೊ ಪಿಕಪ್ ಮತ್ತು ಅದರ ಓರಗೆಯವು. ಹಳೆ ಮೆಕ್ಯಾನಿಕಲ್ ಪಂಪಿನ ಗಾಡಿಯಿದ್ದವರು ಇಂಜೆಕ್ಟರಿನ ಭಾಗವನ್ನಷ್ಟೇ ಬಿಟ್ಟು ಓದಬಹುದು.

ಮೊದಲು ಗಾಳಿ. ಫಿಲ್ಟರ್ ಡಬ್ಬಿಯಿಂದ ಟರ್ಬೊಗೆ ಹೋಗುವ ರಬ್ಬರ್ ಪೈಪನ್ನು ಕಳಚಿ ಒಳಗೆ ಬಿಳಿ ಬಟ್ಟೆ ತಿರುಗಿಸಿ. ಬಟ್ಟೆಗೆ ತೆಳು ಎಣ್ಣೆ ಹತ್ತಿದರೆ ಗಾಬರಿಯಿಲ್ಲ. ಮಣ್ಣು ಹತ್ತಿದರೆ ಫಿಲ್ಟರ್ ದಾಟಿ ಧೂಳು ಒಳಗೆ ಹೋಗುತ್ತಿದೆ ಎಂದೇ ಅರ್ಥ. ಎಷ್ಟೋ ಸಲ ತಪ್ಪು ಫಿಲ್ಟರಿನದ್ದಾಗಿರುವುದಿಲ್ಲ. ಡಬ್ಬಿಯ ಕ್ಲಿಪ್ ಮುರಿದು ತಂತಿಯಲ್ಲಿ ಬಿಗಿದಿರುತ್ತಾರೆ, ಫಿಲ್ಟರಿನ ರಬ್ಬರ್ ಅಂಚು ಗಟ್ಟಿಯಾಗಿ ಕೂರುವುದಿಲ್ಲ, ಅಥವಾ ಪೈಪಿನ ಮಡಿಕೆಯ ಕೆಳಭಾಗ ಸೀಳಿರುತ್ತದೆ. ಆ ಸೀಳು ಮೇಲಿಂದ ಕಾಣುವುದಿಲ್ಲ, ಪೈಪನ್ನು ಕೈಯಲ್ಲಿ ಬಗ್ಗಿಸಿದಾಗ ಬಾಯಿ ಬಿಡುತ್ತದೆ. ಟೇಪ್ ಸುತ್ತಿ ಓಡಿಸಬೇಡಿ. ಎಂಜಿನ್ ಎಳೆಯುವಾಗ ಪೈಪಿನೊಳಗೆ ಹೊರಗಿಗಿಂತ ಒತ್ತಡ ಕಡಿಮೆ ಇರುವುದರಿಂದ ಸಣ್ಣ ಬಿರುಕೂ ಧೂಳನ್ನು ಹೀರುತ್ತದೆ. ಪೈಪು, ಎರಡು ವರ್ಮ್ ಕ್ಲಾಂಪು ಹೊಸದು ಹಾಕಿಸಿದರೆ ಆಗುವ ಖರ್ಚು ಒಂದು ಸೆಟ್ ಪಿಸ್ಟನ್ ರಿಂಗಿನ ಮುಂದೆ ಏನೂ ಅಲ್ಲ.

ಪೇಪರ್ ಫಿಲ್ಟರನ್ನು ಟೈರಿಗೆ ಬಡಿದು ಕೊಡವುವ ಅಭ್ಯಾಸ ನಮ್ಮ ಕಡೆ ಗ್ಯಾರೇಜು ಗ್ಯಾರೇಜಿನಲ್ಲೂ ಇದೆ. ಬಡಿದರೆ ತುದಿಯ ತಗಡು ನೆಗ್ಗಿ ಸೀಲ್ ಹಿಡಿಯುವುದಿಲ್ಲ, ಕಾಗದದ ಮಡಿಕೆಯೂ ಸೀಳುತ್ತದೆ. ಹವಾ ಹೊಡೆಯುವುದಾದರೆ ಒಳಗಿನಿಂದ ಹೊರಕ್ಕೆ, 30 ಪಿಎಸ್‌ಐಗಿಂತ ಕಡಿಮೆಯಲ್ಲಿ, ಒಂದು ಗೇಣು ದೂರದಿಂದ ಹೊಡೆಯಿರಿ. ಆಮೇಲೆ ಒಳಗೆ ಟಾರ್ಚ್ ಹಿಡಿದು ಹೊರಗಿನಿಂದ ನೋಡಿ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆ ಕಂಡರೂ ಆ ಫಿಲ್ಟರ್ ಮುಗಿಯಿತು. ಎರಡು ಸಲಕ್ಕಿಂತ ಹೆಚ್ಚು ಹವಾ ಹೊಡೆದು ಬಳಸುವುದು ನನಗೆ ಒಪ್ಪಿಗೆಯಿಲ್ಲ. ಅದಿರು ಲಾರಿಗಳ ಹಿಂದೆ ಓಡುವ ಗಾಡಿಗೆ ಕಂಪನಿ ಪುಸ್ತಕದಲ್ಲಿ ಬರೆದ ಅವಧಿಯ ಅರ್ಧಕ್ಕೇ ಫಿಲ್ಟರ್ ಬದಲಿಸಿ. ಎಂಜಿನ್ ಆಯಿಲಿಗೂ ಇದೇ ಲೆಕ್ಕ: 15ಡಬ್ಲ್ಯು-40, ಸಿಐ-4 ದರ್ಜೆಯದು, ಜೊತೆಗೆ ಪ್ರತಿ ಸಲವೂ ಹೊಸ ಆಯಿಲ್ ಫಿಲ್ಟರ್. ಆ ಫಿಲ್ಟರಿನ ರಬ್ಬರಿಗೆ ಆಯಿಲ್ ಸವರಿ ಕೈಯಲ್ಲೇ ತಿರುಗಿಸಿ, ತಾಗಿದ ಮೇಲೆ ಮುಕ್ಕಾಲು ಸುತ್ತು ಸಾಕು.

ಧೂಳು ಈಗಾಗಲೇ ರಿಂಗ್ ತಿಂದಿದೆಯೋ ಇಲ್ಲವೋ ತಿಳಿಯಲು ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ) ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಅದೇ ಬಾಯಿಯ ಮೇಲೆ ಸುಮ್ಮನೆ ಇಡಿ. ಸ್ವಲ್ಪ ನಡುಗಿದರೆ ಸರಿ. ಹಾರಿ ಬಿದ್ದರೆ, ಬಾಯಿಯಿಂದ ಹೊಗೆ ಬುಸುಬುಸು ಬಂದರೆ ಸಿಲಿಂಡರಿನ ಒತ್ತಡ, ಅಂದರೆ ಕಂಪ್ರೆಷನ್, ರಿಂಗ್ ದಾಟಿ ಕೆಳಗೆ ಸೋರುತ್ತಿದೆ. ಆದರೆ ಎಂಜಿನ್ನಿನ ಒಳಗಾಳಿಯನ್ನು ಹೊರಬಿಡುವ ಬ್ರೀದರ್ ಪೈಪು ಕಟ್ಟಿದ್ದರೂ ಇದೇ ಲಕ್ಷಣ ಕಾಣುತ್ತದೆ. ಅದನ್ನು ಸ್ವಚ್ಛ ಮಾಡಿಸಿ, ಮತ್ತೊಮ್ಮೆ ನೋಡಿ, ಕಂಪ್ರೆಷನ್ ಗೇಜ್ ಹಾಕಿಸಿದ ಮೇಲೆಯೇ ಎಂಜಿನ್ ಇಳಿಸುವ ಮಾತು.

ಇನ್ನು ನೀರು. ಬಳ್ಳಾರಿ, ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅಂಥ ಬಿಸಿಲಲ್ಲಿ ರಸ್ತೆ ಬದಿಯ ಬೋರ್‌ವೆಲ್ ನೀರನ್ನು ರೇಡಿಯೇಟರಿಗೆ ಸುರಿಯುವುದು ಎಲ್ಲರಿಗೂ ರೂಢಿ. ಆ ಸವಳು ನೀರಿನ ಸುಣ್ಣ ಹಂಡೆಯ ತಳದಲ್ಲಿ ಕೂರುವ ಹಾಗೆ ಎಂಜಿನ್ನಿನ ಮೇಲ್ಭಾಗದ ಹೆಡ್ಡಿನ ಒಳಗಾಲುವೆಗಳಲ್ಲೂ ಕೂರುತ್ತದೆ. ಸುಣ್ಣದ ಪದರ ಶಾಖವನ್ನು ಲೋಹದಿಂದ ನೀರಿಗೆ ದಾಟಲು ಬಿಡುವುದಿಲ್ಲ. ಹೀಗಾಗಿ ಬಿಸಿ ತೋರಿಸುವ ಮೀಟರಿನ ಮುಳ್ಳು ನಡುವೆಯೇ ನಿಂತಿದ್ದರೂ ಹೆಡ್ಡು ಒಳಗೊಳಗೇ ಬೇಯುತ್ತದೆ, ಕೊನೆಗೆ ಗ್ಯಾಸ್ಕೆಟ್ ಹೋಗುತ್ತದೆ.

ಹೊಸದಾಗಿ ಕೊಂಡ ಹಳೆ ಗಾಡಿಗೆ ಪೂರ್ತಿ ಫ್ಲಶ್ ಮಾಡಿಸಿಯೇ ಓಡಿಸಿ. ಎಂಜಿನ್ ತಣ್ಣಗಿರುವಾಗ ಕೆಳಗಿನ ಹೋಸ್ ಬಿಚ್ಚಿ ನೀರು ಪೂರ್ತಿ ಇಳಿಸಿ. ಬರುವ ನೀರು ತುಕ್ಕಿನ ಬಣ್ಣದ್ದಾಗಿದ್ದರೆ ರೇಡಿಯೇಟರ್ ಫ್ಲಶ್ ದ್ರಾವಣ ಹಾಕಿ, ಡಬ್ಬದ ಮೇಲೆ ಬರೆದಷ್ಟು ಹೊತ್ತು ಎಂಜಿನ್ ಓಡಿಸಿ, ತಣಿಸಿ, ಮತ್ತೆ ಇಳಿಸಿ. ಆಮೇಲೆ ತಿಳಿ ನೀರು ಬರುವವರೆಗೆ ತೊಳೆಯಿರಿ. ಕೊನೆಗೆ ಕಾನ್ಸಂಟ್ರೇಟ್ ಕೂಲಂಟ್ ಅರ್ಧ, ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಅರ್ಧ. ರೆಡಿ ಮಿಕ್ಸ್ ಎಂದು ಬರೆದ ಕೂಲಂಟ್ ತಂದಿದ್ದರೆ ಅದಕ್ಕೆ ಮತ್ತೆ ನೀರು ಬೆರೆಸಬೇಡಿ. ಹೀಟರ್ ಇರುವ ಗಾಡಿಯಾದರೆ ಅದನ್ನು ಬಿಸಿಗೆ ತಿರುಗಿಸಿಟ್ಟು ತುಂಬಿಸಿ, ಇಲ್ಲದಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡು ಅರ್ಧ ದಾರಿಯಲ್ಲಿ ಕುದಿಯುತ್ತದೆ. ದಾರಿಯಲ್ಲಿ ಹಾಕಲು ಐದು ಲೀಟರ್ ಬೆರೆಸಿದ ಕೂಲಂಟನ್ನು ಸೀಟಿನ ಹಿಂದೆ ಇಟ್ಟುಕೊಳ್ಳಿ.

ರೇಡಿಯೇಟರಿನ ಮುಚ್ಚಳವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒತ್ತಡವಿಲ್ಲದೆ ನೀರು 100 ಡಿಗ್ರಿಗೆ ಕುದಿಯುತ್ತದೆ. ಮುಚ್ಚಳ ಒಂದು ಬಾರ್ ಒತ್ತಡ ಹಿಡಿದರೆ 120ರ ಹತ್ತಿರ. ಸ್ಪ್ರಿಂಗ್ ಸೋತ, ರಬ್ಬರ್ ಸೀಳಿದ ಮುಚ್ಚಳ ಆ ಇಪ್ಪತ್ತು ಡಿಗ್ರಿಯನ್ನು ಕಳೆದುಬಿಡುತ್ತದೆ. ಅದೇ ಒತ್ತಡದ ಅಂಕಿಯಿರುವ ಮುಚ್ಚಳವನ್ನೇ ಕೇಳಿ ತನ್ನಿ, ಎಂಜಿನ್ ಬಿಸಿಯಿರುವಾಗ ಮಾತ್ರ ಅದರ ತಂಟೆಗೆ ಹೋಗಬೇಡಿ.

ಗಾಡಿ ಬಿಸಿಯಾಗುತ್ತದೆ ಎಂದರೆ ಎಷ್ಟೋ ಮಿಸ್ತ್ರಿಗಳು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಕಿತ್ತು ಎಸೆಯುತ್ತಾರೆ. ಇದು ದೊಡ್ಡ ತಪ್ಪು. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಇನ್ನೊಂದು ತುದಿ ಬೈಪಾಸ್ ದಾರಿಯನ್ನು ಮುಚ್ಚಬೇಕು. ಅದನ್ನು ತೆಗೆದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಅಲ್ಲೇ ಸುತ್ತುತ್ತದೆ, ಏರಿನಲ್ಲಿ ಇನ್ನಷ್ಟು ಕಾಯುತ್ತದೆ. ಚಳಿಗಾಲದ ಬೆಳಗ್ಗೆ ಎಂಜಿನ್ ಬೇಗ ಬಿಸಿಯಾಗದೆ ಬೋರ್ ಸವೆಯುವುದು ಬೇರೆ. ಅನುಮಾನವಿದ್ದರೆ ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಒಲೆಯ ಮೇಲಿಡಿ. ಅದರ ಮೇಲೆ ಕೆತ್ತಿರುವ ಡಿಗ್ರಿಯ ಆಸುಪಾಸು ಬಾಯಿ ತೆರೆಯಬೇಕು, ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿರಬೇಕು.

ಹೊರಗಡೆ ರೇಡಿಯೇಟರಿನ ಜಾಲರಿಗೆ ಹೊಟ್ಟು, ಅರಳೆ, ಹುಳ ತುಂಬಿರುತ್ತವೆ. ವಾಟರ್ ಸರ್ವಿಸಿನ ಪ್ರೆಷರ್ ಗನ್ ಹತ್ತಿರ ಹಿಡಿದರೆ ಜಾಲರಿ ಮಡಚಿ ಶಾಶ್ವತವಾಗಿ ಗಾಳಿ ನಿಲ್ಲುತ್ತದೆ. ಸಾದಾ ಪೈಪಿನ ನೀರನ್ನು ಎಂಜಿನ್ ಕಡೆಯಿಂದ ಹೊರಕ್ಕೆ ಬಿಡಿ. ಏಸಿ ಕಂಡೆನ್ಸರ್ ಇದ್ದರೆ ಎರಡರ ನಡುವಿನ ಸಂದಿಯಲ್ಲೇ ಅರಳೆ ಕಂಬಳಿಯಂತೆ ಕೂತಿರುತ್ತದೆ, ಕಂಡೆನ್ಸರಿನ ಬೋಲ್ಟ್ ಬಿಚ್ಚಿ ಮುಂದಕ್ಕೆ ವಾಲಿಸದೆ ಅದು ಹೋಗುವುದಿಲ್ಲ. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಶ್ರೌಡ್ ಒಡೆದು ಬಿಸಾಕಿದ್ದರೆ ಹುಡುಕಿ ತಂದು ಹಾಕಿಸಿ. ಅದಿಲ್ಲದೆ ಫ್ಯಾನ್ ತನ್ನ ಸುತ್ತಲಿನ ಗಾಳಿಯನ್ನೇ ತಿರುವುತ್ತದೆ.

ಲೋಡಿನ ವಿಷಯದಲ್ಲಿ ಮಾತು ಸ್ವಲ್ಪ ಕಟುವಾಗಿದ್ದರೂ ಹೇಳಬೇಕು. ಹಿಂಬದಿಯ ಸ್ಪ್ರಿಂಗಿಗೆ ಎರಡು ಪಟ್ಟಿ ಜಾಸ್ತಿ ಹಾಕಿಸಿದರೆ ಗಾಡಿ ಜಾಸ್ತಿ ಹೊರುತ್ತದೆ ಎನ್ನುವ ನಂಬಿಕೆ ಭತ್ತದ ಸೀಮೆಯಲ್ಲಿ ಗಟ್ಟಿಯಾಗಿದೆ. ಪಟ್ಟಿ ಬಗ್ಗುವುದು ಕಡಿಮೆಯಾಗುತ್ತದೆ ನಿಜ. ಆಕ್ಸಲ್, ಹಬ್ ಬೇರಿಂಗ್, ಟೈರು, ಬ್ರೇಕು, ಚಾಸಿ ಹಿಂದಿನವೇ ಉಳಿಯುತ್ತವೆ, ಪಟ್ಟಿ ಬಗ್ಗಿ ನುಂಗುತ್ತಿದ್ದ ಏಟು ಈಗ ನೇರ ಚಾಸಿಗೆ ಬೀಳುತ್ತದೆ. ಇದಕ್ಕಿಂತ ಅಪಾಯದ್ದು ಬ್ರೇಕಿನದು. ಹಿಂದಿನ ಆಕ್ಸಲ್ಲಿಗೂ ಚಾಸಿಗೂ ನಡುವೆ ಕಡ್ಡಿ ಅಥವಾ ಸ್ಪ್ರಿಂಗ್ ಜೋಡಿಸಿದ ಲೋಡ್ ಸೆನ್ಸಿಂಗ್ ವಾಲ್ವ್ ಇರುವ ಗಾಡಿಗಳಲ್ಲಿ, ಲೋಡ್ ಬಿದ್ದು ಚಾಸಿ ಕೆಳಗಿಳಿದಾಗ ಆ ವಾಲ್ವ್ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಪಟ್ಟಿ ಜಾಸ್ತಿಯಾಗಿ ಚಾಸಿ ಮೇಲೆಯೇ ನಿಂತರೆ ಗಾಡಿ ಖಾಲಿ ಇದೆ ಎಂಬಂತೆ ಅದು ಒತ್ತಡ ಕಡಿಮೆ ಮಾಡುತ್ತದೆ. ತುಂಬಿದ ಗಾಡಿ ಮುಂದಿನ ಬ್ರೇಕಿನ ಮೇಲೆಯೇ ನಿಲ್ಲಬೇಕಾಗುತ್ತದೆ. ಮೊದಲ ಮಾಲೀಕ ಪಟ್ಟಿ ಸೇರಿಸಿದ್ದರೆ ತೆಗೆಸಿ, ಕಂಪನಿ ಲೆಕ್ಕಕ್ಕೆ ತನ್ನಿ. ಸೋತ ಪಟ್ಟಿಗಳಿದ್ದರೆ ಎರಡೂ ಬದಿಯದನ್ನು ಒಟ್ಟಿಗೆ ಬದಲಿಸಿ, ಜೊತೆಗೆ ಸೆಂಟರ್ ಬೋಲ್ಟ್, ಶಾಕಲ್ ಬುಷ್, ಪಟ್ಟಿಗಳನ್ನು ಆಕ್ಸಲ್ಲಿಗೆ ಬಿಗಿಯುವ ಯು-ಬೋಲ್ಟ್ ಹೊಸದು. 500 ಕಿಲೋಮೀಟರ್ ಓಡಿದ ಮೇಲೆ ಲೋಡ್ ಇರುವಾಗ ಯು-ಬೋಲ್ಟ್ ಮತ್ತೆ ಬಿಗಿಯಬೇಕು. ಯು-ಬೋಲ್ಟ್ ಸಡಿಲವಾದರೇ ಸೆಂಟರ್ ಬೋಲ್ಟ್ ಕಟ್ ಆಗುವುದು, ಆಕ್ಸಲ್ ಸರಿದು ಗಾಡಿ ಅಡ್ಡಡ್ಡ ಓಡುವುದು.

ಎರೆ ಮಣ್ಣಿನ ಹೊಲ, ಕಾಲುವೆ ದಾರಿಗಳಲ್ಲಿ ಓಡುವ ಗಾಡಿಯ ಡಿಫರೆನ್ಷಿಯಲ್ ಮೇಲೆ ಒಂದು ಸಣ್ಣ ಬ್ರೀದರ್ ಇರುತ್ತದೆ, ಹೆಬ್ಬೆರಳಿಗಿಂತ ಚಿಕ್ಕದು. ಕೆಸರು ಒಣಗಿ ಅದು ಮುಚ್ಚಿದರೆ ಬಿಸಿಯಾದ ಗಾಳಿಗೆ ದಾರಿಯಿಲ್ಲದೆ ಆಯಿಲ್ ಆಕ್ಸಲ್ ಸೀಲಿನಿಂದ ಹೊರಬಂದು ಬ್ರೇಕ್ ಶೂಗೆ ಹತ್ತುತ್ತದೆ. ಸೀಲ್ ಎಷ್ಟು ಸಲ ಬದಲಿಸಿದರೂ ಸೋರುತ್ತದೆ ಎನ್ನುವವರು ಮೊದಲು ಬ್ರೀದರನ್ನು ಡೀಸೆಲ್‌ನಲ್ಲಿ ತೊಳೆದು ನೋಡಿ. ಬಿಸಿ ಆಕ್ಸಲ್ ಕಾಲುವೆ ನೀರಿಗಿಳಿದು ತಣ್ಣಗಾದಾಗ ಅದೇ ಸೀಲಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಡ್ರೇನ್ ನಟ್ ಬಿಚ್ಚಿದಾಗ ಆಯಿಲ್ ಮಜ್ಜಿಗೆಯಂತಿದ್ದರೆ ಕ್ರೌನ್, ಪಿನಿಯನ್‌ಗೆ ದಿನ ಎಣಿಸಬೇಕು, ಕೂಡಲೇ ಬದಲಿಸಿ. ಹೊಸ ಆಯಿಲ್ ಜಿಎಲ್-5 ದರ್ಜೆಯದಿರಲಿ.

ಮುಂದಿನ ಹಬ್ ಟೇಪರ್ ಬೇರಿಂಗಿನದಾದರೆ ಹಳೆ ಗ್ರೀಸನ್ನು ಪೂರ್ತಿ ತೊಳೆದು, ರೋಲರ್‌ಗಳ ನಡುವೆ ಅಂಗೈಯಿಂದ ಹೊಸ ಲಿಥಿಯಂ ಗ್ರೀಸ್ ಒತ್ತಿ ತುಂಬಿ, ಸೀಲ್ ಹೊಸದು ಹಾಕಿ. ಹಳೆ ಗ್ರೀಸಿನ ಮೇಲೇ ಹೊಸದನ್ನು ಮೆತ್ತಿದರೆ ಧೂಳನ್ನು ಒಳಗೇ ಅರೆದಂತೆ. ಚಕ್ರ ತಿರುಗಿಸುತ್ತಾ ನಟ್ ಬಿಗಿದು, ಆಮೇಲೆ ಸುಮಾರು ಎಂಟನೇ ಒಂದು ಸುತ್ತು ಸಡಿಲಿಸಿ ಲಾಕ್ ಮಾಡುವುದು ಸಾಮಾನ್ಯ ಪದ್ಧತಿ. ಹತ್ತು ಕಿಲೋಮೀಟರ್ ಓಡಿಸಿ ಹಬ್ ಮುಟ್ಟಿ: ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಬಿಗಿ ಜಾಸ್ತಿ ಅಥವಾ ಬ್ರೇಕ್ ಹಿಡಿಯುತ್ತಿದೆ.

ಡೀಸೆಲ್ ಮಾತಿಗೆ ಬಂದರೆ, ಸುಗ್ಗಿಯಲ್ಲಿ ಕಟಾವು ಯಂತ್ರ, ಟ್ರ್ಯಾಕ್ಟರಿಗೆಂದು ಬ್ಯಾರಲ್ಲಿನಲ್ಲಿ ಇಟ್ಟ ಡೀಸೆಲನ್ನು ಕಾಮನ್ ರೇಲ್ ಪಿಕಪ್ಪಿಗೆ ಹಾಕಬೇಡಿ. ಬ್ಯಾರಲ್ಲಿನ ತಳದಲ್ಲಿ ನೀರು, ತುಕ್ಕು ಇರುತ್ತದೆ. ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಕೆಲಸ ಮಾಡುವ ಇಂಜೆಕ್ಟರ್ ಅದನ್ನು ತಡೆಯುವುದಿಲ್ಲ. ಫಿಲ್ಟರಿನ ಕೆಳಗಿನ ನೀರಿನ ಸ್ಕ್ರೂವನ್ನು ತಿಂಗಳಿಗೊಮ್ಮೆ ಸಡಿಲಿಸಿ ಗಾಜಿನ ಲೋಟಕ್ಕೆ ಇಳಿಸಿ ನೋಡಿ. ಬೆಳಗ್ಗೆ ಸ್ಟಾರ್ಟ್ ತಡವಾಗುತ್ತಿದ್ದರೆ ನಾಲ್ಕೂ ಇಂಜೆಕ್ಟರಿನ ರಿಟರ್ನ್ ಪೈಪುಗಳನ್ನು ನಾಲ್ಕು ಒಂದೇ ಅಳತೆಯ ಬಾಟಲಿಗೆ ಬಿಟ್ಟು ಕೆಲವು ನಿಮಿಷ ಐಡಲ್ ಓಡಿಸಿ. ಯಾವ ಬಾಟಲಿ ಉಳಿದವಕ್ಕಿಂತ ಬಹಳ ಬೇಗ ತುಂಬುತ್ತದೋ ಆ ಇಂಜೆಕ್ಟರ್ ಸವೆದಿದೆ. ನಾಲ್ಕನ್ನೂ ಬದಲಿಸಿ ಎನ್ನುವವರಿಗೆ ಈ ಬಾಟಲಿಗಳನ್ನು ತೋರಿಸಿ. ಎಂಜಿನ್ ಓಡುವಾಗ ಇಂಜೆಕ್ಟರಿನ ಸ್ಟೀಲ್ ಪೈಪ್ ಸಡಿಲಿಸುವ ಹಳೆ ಪದ್ಧತಿ ಮಾತ್ರ ಇಲ್ಲಿ ಬೇಡ, ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಕ್ಲಚ್‌ಗೆಂದು ಗೇರ್‌ಬಾಕ್ಸ್ ಇಳಿಸಿದ ದಿನ ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಸೀಲ್ ಕೂಡ ಹಾಕಿಸಿಬಿಡಿ, ಕೂಲಿ ಒಂದೇ.

ಇಷ್ಟಾದ ಮೇಲೆ ಸೇರಿಸುವ ಸಾಮಾನು. ನನ್ನ ಪಟ್ಟಿಯಲ್ಲಿ ಮೊದಲನೆಯದು ಹೆಡ್‌ಲೈಟ್ ರಿಲೇ ವೈರಿಂಗ್. ಹಳೆ ಸ್ವಿಚ್, ಸಣ್ಣ ವೈರಿನಲ್ಲಿ ವೋಲ್ಟೇಜ್ ಸೋರಿ ಬಲ್ಬಿಗೆ ಬ್ಯಾಟರಿಯದಕ್ಕಿಂತ ಒಂದೆರಡು ವೋಲ್ಟ್ ಕಡಿಮೆ ಸಿಗುತ್ತಿರುತ್ತದೆ. ಬ್ಯಾಟರಿಯಿಂದ ಫ್ಯೂಸ್, ರಿಲೇ ಮೂಲಕ ನೇರ ದಪ್ಪ ವೈರ್ ಎಳೆದರೆ ಅದೇ 60/55 ವಾಟ್ ಬಲ್ಬ್ ರಾತ್ರಿ ಹೊಸಪೇಟೆ–ಕೊಪ್ಪಳ ಹೆದ್ದಾರಿಯಲ್ಲಿ ಬೇರೆಯೇ ಬೆಳಕು ಕೊಡುತ್ತದೆ. 100 ವಾಟಿನ ಬಲ್ಬ್ ಹಾಕಿ ಹೋಲ್ಡರ್ ಕರಗಿಸುವ ಅಗತ್ಯವಿಲ್ಲ. ಜೊತೆಗೆ ಎಂಜಿನ್ನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿ ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿಯಿರಿ. ಸ್ಟಾರ್ಟರ್, ಮೀಟರಿನ ಎಷ್ಟೋ ತೊಂದರೆ ಅಲ್ಲೇ ಹೋಗುತ್ತವೆ. ಬಾಡಿ ಎತ್ತರಿಸುವುದನ್ನು ಆರ್‌ಟಿಒ ಅನುಮತಿಯಿಲ್ಲದೆ ಮಾಡಿಸಬೇಡಿ.

ಯೂರಿಯಾ, ಡಿಎಪಿ ಹೊತ್ತ ದಿನ ಸಂಜೆಯೇ ಬಾಡಿಯನ್ನೂ ಅದರ ಕೆಳಗಿನ ಚಾಸಿಯನ್ನೂ ನೀರು ಬಿಟ್ಟು ತೊಳೆಯಿರಿ. ಚೆಲ್ಲಿದ ಗೊಬ್ಬರ ರಾತ್ರಿಯ ತೇವ ಹೀರಿ ತಗಡನ್ನು ತಿನ್ನುತ್ತದೆ. ರಬ್ಬರ್ ಮ್ಯಾಟ್ ಹಾಸಿದ್ದರೆ ಎತ್ತಿಯೇ ತೊಳೆಯಬೇಕು, ತೂತು ಬೀಳುವುದು ಅದರ ಅಡಿಯಲ್ಲೇ. ಹುಲ್ಲು ಹೊತ್ತಿದ್ದರೆ ಸೈಲೆನ್ಸರ್ ಪೈಪಿನ ಮೇಲೆ ಸಿಕ್ಕ ಎಳೆಗಳನ್ನು ಅದೇ ಕೈಯಲ್ಲಿ ಕಿತ್ತುಹಾಕಿ, ಬೆಂಕಿ ಶುರುವಾಗುವುದು ಅಲ್ಲಿಂದ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್ ತಪಾಸಣೆ) ವರ್ಷಕ್ಕೊಮ್ಮೆ ಬರುತ್ತದೆ. ಅದಕ್ಕೆ ಹದಿನೈದು ದಿನ ಮುಂಚೆ ನಾಲ್ಕೂ ಚಕ್ರ ಬಿಚ್ಚಿ ಹಬ್, ಬ್ರೇಕ್ ಶೂ, ಪ್ಯಾಡ್ ನೋಡಿಸಿ, ಎರಡು ವರ್ಷವಾಗಿದ್ದರೆ ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ, ಕಳಚಿಬಿದ್ದ ರಿಫ್ಲೆಕ್ಟರ್ ಟೇಪ್ ಹೊಸದು ಅಂಟಿಸಿ.