ಕಾರ್ಬನ್ ಲ್ಯಾಮಿನೇಟ್ ಎಷ್ಟಕ್ಕೆ ಸೀಳುತ್ತದೆ: ಲೆಕ್ಕದ 3ನೇ ಹಂತ

ಕಾರ್ಬನ್ ಲ್ಯಾಮಿನೇಟ್ ಅಂದರೆ ರೆಸಿನ್‌ನಲ್ಲಿ ಕೂರಿಸಿದ ಕಾರ್ಬನ್ ನಾರಿನ ಪದರಗಳನ್ನು ಒಂದರ ಮೇಲೊಂದು ಅಂಟಿಸಿದ ಹಾಳೆ. ಎಳೆದಾಗ ಅದರ ಮೊದಲ ಬಿರುಕು ಎಷ್ಟು ಭಾರಕ್ಕೆ ಎಂದು ಕೋಡ್ ಬರೆದು ಲೆಕ್ಕ ಹಾಕುತ್ತಿದ್ದೇನೆ. ಕ್ಯೂರಿಂಗ್ ಆಗಿ (ರೆಸಿನ್ ಬಿಸಿಯಲ್ಲಿ ಗಟ್ಟಿಯಾಗಿ) ತಣಿಯುವಾಗ ಒಳಗೇ ಉಳಿದುಬಿಡುವ ಸ್ಟ್ರೆಸ್ಸನ್ನು (ವಿಸ್ತೀರ್ಣಕ್ಕೆ ಇಷ್ಟು ಎಂಬ ಬಲವನ್ನು) ಈ ಹಂತದಲ್ಲಿ ಕೋಡ್‌ಗೆ ಸೇರಿಸಿದ್ದಾಯಿತು. ಅದೊಂದರಿಂದಲೇ ಉತ್ತರ ಅರ್ಧಕ್ಕಿಂತ ಕೆಳಗೆ ಬಂತು.

ಲೆಕ್ಕಕ್ಕೆ ಇಟ್ಟುಕೊಂಡದ್ದು ಟಿ300/5208 ಕಾರ್ಬನ್-ಎಪಾಕ್ಸಿ. ಜೋಡಣೆ 0/90/90/0 (ಎಳೆಯುವ ದಿಕ್ಕಿಗೆ ಪ್ರತಿ ಪದರದ ನಾರಿನ ಕೋನ, ಡಿಗ್ರಿಯಲ್ಲಿ), ನಾಲ್ಕೂ ಪದರ ಒಂದೇ ದಪ್ಪ. ಮಾಡ್ಯುಲಸ್ (ಬಿಗಿತದ ಅಳತೆ) ನಾರಿನ ಉದ್ದಕ್ಕೆ 181 ಗಿಗಾಪಾಸ್ಕಲ್, ಅಡ್ಡಕ್ಕೆ 10.3, ಶಿಯರ್‌ಗೆ (ಓರೆಯಾಗಿ ಜಾರಿಸುವ ಬಲಕ್ಕೆ) 7.17, ಪಾಯ್ಸಾನ್ ಅನುಪಾತ (ಉದ್ದಕ್ಕೆ ಎಳೆದಾಗ ಅಡ್ಡಕ್ಕೆ ಕುಗ್ಗುವ ಪಾಲು) 0.28. ಎಳೆತ ತಾಳುವ ಶಕ್ತಿ ಉದ್ದಕ್ಕೆ 1500 ಮೆಗಾಪಾಸ್ಕಲ್, ಅಡ್ಡಕ್ಕೆ ಬರೀ 40. ಮೊದಲ ಬಿರುಕನ್ನು ನಿರ್ಧರಿಸುವುದು ಈ 40.

ಒಟ್ಟು ದಪ್ಪದ ಮೇಲೆ ಸರಾಸರಿ 100 ಮೆಗಾಪಾಸ್ಕಲ್ ಎಳೆದರೆ 0 ಪದರಕ್ಕೆ 189.3, 90 ಪದರಕ್ಕೆ ನಾರಿನ ಅಡ್ಡಕ್ಕೆ 10.7 ಬೀಳುತ್ತದೆ. ಇವೆರಡರ ಸರಾಸರಿ 100 ಬರದಿದ್ದರೆ ಮುಂದೆ ಹೋಗಬೇಡಿ, ಬಿಗಿತದ ಮ್ಯಾಟ್ರಿಕ್ಸ್ (ಸಂಖ್ಯೆಗಳ ಚೌಕ) ತಪ್ಪಿದೆ. ಹೀಗೆ 90 ಪದರ ಸೀಳುವುದು ಗರಿಷ್ಠ ಸ್ಟ್ರೆಸ್ ನಿಯಮದಲ್ಲಿ (ಪ್ರತಿ ದಿಕ್ಕಿನ ಸ್ಟ್ರೆಸ್ಸನ್ನು ಆ ದಿಕ್ಕಿನ ಶಕ್ತಿಗೆ ಬೇರೆಬೇರೆ ಹೋಲಿಸುವುದು) 374 ಮೆಗಾಪಾಸ್ಕಲ್‌ಗೆ, ತ್ಸಾಯ್–ವೂ ನಿಯಮದಲ್ಲಿ (ಎಲ್ಲ ಸ್ಟ್ರೆಸ್ಸೂ ಒಂದೇ ಸೂತ್ರದಲ್ಲಿ) 373ಕ್ಕೆ.

ಈಗ ತಣಿಯುವ ಮಾತು. ಹಿಗ್ಗುವ ಗುಣಾಂಕ ನಾರಿನ ಉದ್ದಕ್ಕೆ ಡಿಗ್ರಿಗೆ ದಶಲಕ್ಷದಲ್ಲಿ 0.02, ಅಡ್ಡಕ್ಕೆ 22.5. 100 ಡಿಗ್ರಿ ಇಳಿದಾಗ 90 ಪದರ ಕುಗ್ಗಲು ನೋಡುತ್ತದೆ, ಪಕ್ಕದ 0 ಪದರದ ನಾರು ಬಿಡುವುದಿಲ್ಲ. ಹೊರಗಿನ ಭಾರ ಬೀಳುವ ಮುಂಚೆಯೇ ಅಡ್ಡಕ್ಕೆ 21.3 ಮೆಗಾಪಾಸ್ಕಲ್ ಎಳೆತ ಕೂತಿರುತ್ತದೆ. 40ರಲ್ಲಿ ಉಳಿದದ್ದು 18.7, ಸೀಳುವ ಭಾರ 175.

ಇಲ್ಲೊಂದು ತಪ್ಪು ಸುಲಭವಾಗಿ ನುಸುಳುತ್ತದೆ. ಭಾರದ ಸ್ಟ್ರೆಸ್ ಮತ್ತು ತಣಿದ ಸ್ಟ್ರೆಸ್ ಎರಡನ್ನೂ ಕೂಡಿಸಿ ಒಂದೇ ಗುಣಕದಿಂದ ಹೆಚ್ಚಿಸಿದರೆ 125 ಎಂಬ ಉತ್ತರ ಬರುತ್ತದೆ. ತಣಿದ ಪಾಲು ಭಾರದ ಜೊತೆ ಬೆಳೆಯುವುದಿಲ್ಲ. ಗುಣಕ ಹಾಕಬೇಕಾದ್ದು ಭಾರದ ಪಾಲಿಗೆ ಮಾತ್ರ.

ಸೀಳಿದ ಕೂಡಲೇ ತುಂಡಾಗುವುದಿಲ್ಲ. 90 ಪದರದ ಅಡ್ಡ ಬಿಗಿತ ತೆಗೆದರೆ ಭಾರವೆಲ್ಲ 0 ಪದರಕ್ಕೆ ಹೋಗಿ, ನಾರು ಹರಿಯುವುದು ಸುಮಾರು 750ಕ್ಕೆ. ಬಿಗಿತವನ್ನು ಪೂರ್ತಿ ಸೊನ್ನೆ ಮಾಡಬೇಡಿ, ಕೆಲವು ಜೋಡಣೆಗಳಲ್ಲಿ ಮ್ಯಾಟ್ರಿಕ್ಸ್‌ನ ವಿಲೋಮ ತೆಗೆಯಲು ಬಾರದು. ಒಂದು ಶೇಕಡ ಉಳಿಸಿ. ಯಾವ ಬಿಗಿತ ತೆಗೆಯಬೇಕೆಂದು ತ್ಸಾಯ್–ವೂ ಹೇಳುವುದಿಲ್ಲ, ಅದು ಕೊಡುವುದು ಒಂದೇ ಸಂಖ್ಯೆ. ನಾರು, ರೆಸಿನ್ ಬೇರೆಬೇರೆ ನೋಡುವ 1980ರ ಹಾಶಿನ್ ನಿಯಮವೇ ಈ ಕೆಲಸಕ್ಕೆ ಸರಿ.

175 ಎಂಬುದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 40 ಎಂಬ ಶಕ್ತಿ ಒಂದೇ ದಿಕ್ಕಿನ ನಾರಿನ ತುಂಡಿನಲ್ಲಿ ಅಳೆದದ್ದು. ತೆಳು ಪದರ ಎರಡು ಬಿಗಿ ಪದರಗಳ ನಡುವೆ ಸಿಕ್ಕಿಕೊಂಡಾಗ ತಡವಾಗಿ ಬಿರುಕುಬಿಡುತ್ತದೆ. ಅಂಚಿನಲ್ಲಿ ಪದರ ಬಿಡುವುದಂತೂ ಈ ಲೆಕ್ಕಕ್ಕೆ ಕಾಣುವುದೇ ಇಲ್ಲ.

ಮುಂದಿನದು ±45 ಜೋಡಣೆ. ಅಲ್ಲಿ ಸ್ಟ್ರೇನನ್ನು (ಆಕಾರ ಬದಲಾದ ಪಾಲನ್ನು) ನಾರಿನ ದಿಕ್ಕಿಗೆ ತಿರುಗಿಸುವಾಗ ಶಿಯರ್‌ನ 2 ಎಂಬ ಗುಣಕ ಮರೆಯಬಾರದು.